ಎರಡು ಪೆಟ್ಟಿಗೆ, ಒಂದು ಕಂಬಳಿ

ಬಹಳ ಬಹಳ ಹಿಂದೆ, ಮೋಡಗಳ ಬುಡದಲ್ಲಿ ನಾದಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಕರ್ಕಶನೆಂಬ ಮಾಂತ್ರಿಕ ಬಂದು ಅರಸನನ್ನೂ ಆಸ್ಥಾನದವರನ್ನೂ ಕಲ್ಲಾಗಿಸಿದ. ಬಿಡಿಸಲು ಹೋದ ಶ್ರುತಿಗಾರರೂ ಒಬ್ಬೊಬ್ಬರಾಗಿ ಕಲ್ಲಾದರು. ಕೊನೆಗೆ ಕಲ್ಲಾದವನು ದೇವಾಜಮ್ಮನ ಗಂಡ.

ದೇವಾಜಮ್ಮನೂ ಶ್ರುತಿ ಕೂಡಿಸುವವಳೇ. ವಯಸ್ಸು ಐವತ್ತು ದಾಟಿತ್ತು. ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು, ಮೂರು ಬೆಟ್ಟ ಹತ್ತಿಳಿದು ಅರಮನೆಗೆ ಬರುವಷ್ಟರಲ್ಲಿ ಅವಳಿಗೆ ಸಾಕೋ ಸಾಕಾಗಿತ್ತು. ಬಾಗಿಲಲ್ಲಿ ಎರಡು ತಲೆಯ ಹುಲಿ ಗುಡುಗಿತು.

"ತಿನ್ನೋದಾದ್ರೆ ತಿನ್ನಪ್ಪ, ಓಡೋಕೆ ನನ್ನ ಕೈಲಾಗಲ್ಲ," ಎಂದಳು.

ಹುಲಿ ಏನೂ ತೋಚದೆ ದಾರಿ ಬಿಟ್ಟಿತು.

ಒಳಗೆ, ತೆರೆದ ನಾಲ್ಕು ಕಿಟಕಿಗಳ ನಡುವೆ, ಎರಡು ತಾಮ್ರದ ಪೆಟ್ಟಿಗೆ. ಮಾಂತ್ರಿಕ ಅವುಗಳಲ್ಲಿ ಕೂಡಿಹಾಕಿದ್ದ ಮಿಂಚು ಗುಂಯ್ ಎಂದು ಹಾಡುತ್ತಿತ್ತು.

"ಮಂದ್ರ, ಮಧ್ಯ, ತಾರ. ಮೂರು ಸ್ಥಾಯಿಯಲ್ಲೂ ಎರಡರ ದನಿ ಒಂದಾದರೆ ನನ್ನ ಮಾಯೆ ಮುಗಿಯಿತು. ಹೊತ್ತು ಮುಳುಗುವುದರೊಳಗೆ ಆಗದಿದ್ದರೆ ನಿನ್ನ ಗಂಡನ ಪಕ್ಕ ನಿನಗೂ ಜಾಗವಿದೆ," ಎಂದ ಕರ್ಕಶ.

"ಅಲ್ಲಾದ್ರೂ ಕೂರಬಹುದಾ?" ಎಂದಳು ದೇವಾಜಮ್ಮ.

ಪೆಟ್ಟಿಗೆಗಳ ಬಿರಡೆ ತಿರುಗಿಸಿ ಮಂದ್ರ ಕೂಡಿಸಿದಳು. ಅಷ್ಟರಲ್ಲಿ ತಾರ ಇಳಿದಿತ್ತು. ತಾರ ಏರಿಸಿ ಬಂದರೆ ಮಂದ್ರ ಜಾರಿತ್ತು. ಎರಡನ್ನೂ ಹೇಗೋ ಹಿಡಿದು ತಂದರೆ ಮಧ್ಯ ಕೈಕೊಟ್ಟಿತು. ಬಿಸಿಲು ಇಳಿಯುತ್ತಿತ್ತು. ಗಂಡನ ಕಲ್ಲುಮುಖ ನೋಡಿ ಅವಳಿಗೆ ಅಳು ಬಂತು. ಅವನ ಬೆರಳುಗಳು ಇನ್ನೂ ಬಿರಡೆ ತಿರುಗಿಸುವ ಹಾಗೇ ಇದ್ದವು. ಉಳಿದ ಶ್ರುತಿಗಾರರದೂ ಅಷ್ಟೇ, ಕೊನೇ ಗಳಿಗೆಯವರೆಗೂ ಒಬ್ಬರೂ ಕೈ ತೆಗೆದಿರಲಿಲ್ಲ.

ಅವಳು ಕೈ ತೆಗೆದಳು. ಇನ್ನು ಆಗುತ್ತಿರಲಿಲ್ಲ, ಪಾಪ. ಪೆಟ್ಟಿಗೆಗೆ ಒರಗಿ ಕೂತರೆ ತಾಮ್ರ ತಣ್ಣಗೆ ಕೊರೆಯಿತು. ಮಾಂತ್ರಿಕ ನಾಲ್ಕೂ ಕಿಟಕಿ ತೆರೆದಿಟ್ಟದ್ದು ಏಕೆಂದು ಆಗ ಹೊಳೆಯಿತು. ಬೆಚ್ಚಗಾಗದ ಪೆಟ್ಟಿಗೆಯಲ್ಲಿ ಶ್ರುತಿ ನಿಲ್ಲುವುದಿಲ್ಲ. ಗೊತ್ತಿದ್ದೂ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದರು, ಅವಳೂ ಸೇರಿ. ಒಳಗಿನ ಮಿಂಚಿನ ಕಾವು ಆರದಂತೆ ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿ ಕಣ್ಣು ಮುಚ್ಚಿದಳು.

"ಏಳು, ಹೊತ್ತು ಹೋಗುತ್ತಿದೆ," ಎಂದು ಕರ್ಕಶ ಗದರಿದ.

"ಹೋಗಲಿ ಬಿಡಪ್ಪ, ಬೆಚ್ಚಗಾಗಲಿ."

ದನಿಗಳ ಅಲೆದಾಟ ನಿಂತಾಗ ಎದ್ದಳು. ಹೊತ್ತು ಮುಳುಗಲು ಇನ್ನೂ ಮಾರುದ್ದ ಇತ್ತು. ಮಂದ್ರ ಕೂಡಿತು, ಮಧ್ಯ ಕೂಡಿತು, ತಾರವೂ ಕೂಡಿತು. ಕರ್ಕಶ ಹೊಗೆಯಾಗಿ ತಾನೇ ತೆರೆದಿಟ್ಟ ಕಿಟಕಿಯಿಂದ ಹೊರಟುಹೋದ. ಅರಸ ಆಕಳಿಸಿದ. ಶ್ರುತಿಗಾರರು ಬೆರಳು ಮಡಚಿ ಬಿಡಿಸಿ ನೋಡಿಕೊಂಡರು.

"ಇಷ್ಟು ತಡ ಯಾಕೆ ಮಾಡ್ದೆ?" ಎಂದ ಗಂಡ.

"ನೀವೂ ಸ್ವಲ್ಪ ತಡ ಮಾಡಿದ್ದಿದ್ರೆ ನಾನು ಬರೋದೇ ಬೇಕಿರಲಿಲ್ಲ ಕಣ್ರೀ," ಎಂದು ಅವನ ಹೆಗಲಿಗೆ ಒರಗಿದಳು.

ಅಲ್ಲಿಂದಾಚೆ ನಾದಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು. ದೇವಾಜಮ್ಮ ಮೊದಲು ಮೂರು ದಿನ ಮಲಗಿದಳು, ಆಮೇಲೆ ಸುಖವಾಗಿದ್ದಳು.