ಆರನೆಯ ಗೂಡು

ಕ್ಲೇ ಸಣ್ಣ ರಿವಾಲ್ವರನ್ನು ಗಾಜಿನ ಗಲ್ಲಾದ ಮೇಲೆ ತಾಯಿಯತ್ತ ತಳ್ಳಿದ. "ಇದನ್ನೇ ತಗೊಳಮ್ಮಾ. ಹಗುರವಾಗಿದೆ, ದಿನಾ ಚೀಲದಲ್ಲಿಟ್ಕೊಂಡು ಓಡಾಡ್ಬಹುದು. ಇನ್ಮೇಲೆ ಒಬ್ಳೇ ಇರೋಳು ನೀನು."

ಐಡಾ ಮುಟ್ಟಲಿಲ್ಲ. ಗಂಡ ಹಾರ್ಲನ್‌ನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಟ್ರಕ್ಕಿನಿಂದ ಇಳಿಯುವಾಗ ಸೊಂಟದ ರಿವಾಲ್ವರ್ ಜಾರಿ ಬಿದ್ದು ಸಿಡಿಯಿತೆಂದು ವರದಿ ಬರೆದವನು ಷೆರೀಫನ ಸಹಾಯಕ ಡೆಲ್ಮರ್. ಬರೆದ ಮೇಲೆ ಮನಸ್ಸು ಒಪ್ಪದೆ, ಆ ರಿವಾಲ್ವರನ್ನು ಬಂದೂಕು ರಿಪೇರಿಯ ಆರ್ವಲ್‌ಗೆ ತಂದುಕೊಟ್ಟಿದ್ದ. ವಯೋಮಿಂಗಿನ ಆ ಊರಲ್ಲಿ ಬಿಡಿಸಲಾಗದ್ದೆಲ್ಲ ಕೊನೆಗೆ ಬರುತ್ತಿದ್ದುದು ಆರ್ವಲ್‌ನ ಅಂಗಡಿಗೇ. ಈಗ ಡೆಲ್ಮರ್ ಆ ಅಂಗಡಿಯ ಬಾಗಿಲಿಗೊರಗಿ ನಿಂತು ನೋಡುತ್ತಿದ್ದ.

"ಮೊದ್ಲು ತುಂಬಿ ನೋಡು ಐಡಾ," ಎಂದು ಆರ್ವಲ್ ಮದ್ದಿಲ್ಲದ ಆರು ತೋಟಾಗಳನ್ನು ಮುಂದಿಟ್ಟ.

ಐಡಾ ಐದನ್ನು ತುಂಬಿ, ಆರನೆಯ ಖಾಲಿ ಗೂಡನ್ನು, ತೋಟಾಕ್ಕೆ ಬಡಿಯುವ ಸುತ್ತಿಗೆಯ ಕೆಳಕ್ಕೆ ತಿರುಗಿಸಿ ಮುಚ್ಚಿದಳು.

ಕ್ಲೇ ನಕ್ಕ. "ಆರು ಗೂಡಿದೆಯಲ್ಲಮ್ಮಾ, ಲೆಕ್ಕ ಮರೆತೋಯ್ತಾ?"

"ನಿಮ್ಮಪ್ಪ ಐದೇ ತುಂಬ್ತಿದ್ದಿದ್ದು. ಹಳೇ ರಿವಾಲ್ವರಲ್ಲಿ ಸುತ್ತಿಗೆ ಕೆಳಗೆ ಗುಂಡಿದ್ರೆ ಬಿದ್ದಾಗ ಸಿಡಿಯುತ್ತೆ. ಹೊಸದಕ್ಕೆ ಬೇಕಿಲ್ವಂತೆ, ಕೈ ಕೇಳಲ್ಲ."

ಡೆಲ್ಮರ್ ಬೆರಳು ಮಡಚಿ ಎಣಿಸಿದ. ಹಾರ್ಲನ್‌ನ ರಿವಾಲ್ವರಿನಲ್ಲಿ ಐದು ಸಿಡಿಯದ ತೋಟಾ ಇದ್ದವು. ಸುತ್ತಿಗೆಯ ಕೆಳಗೆ ಸಿಡಿದದ್ದೊಂದು. ಅಲ್ಲಿಗೆ ಆರು.

"ಹೌದು ಡೆಲ್ಮರ್," ಎಂದ ಆರ್ವಲ್. "ಹಾರ್ಲನ್‌ದು ಸಿಡಿಯೋಕೆ ಅಲ್ಲಿ ಗುಂಡೇ ಇರ್ಲಿಲ್ಲ. ಕೊಂದೋನು ಹೊಡೆದಿದ್ದು ತನ್ನ ರಿವಾಲ್ವರಿಂದ. ಆಮೇಲೆ ಹಾರ್ಲನ್‌ದನ್ನ ಬಿಚ್ಚಿದ, ಒಂದು ಗೂಡು ಖಾಲಿ. ತನ್ನ ಸಿಡಿದ ತೋಟಾ ಅಲ್ಲಿ ತುರುಕಿ ಕೆಳಗೆ ಬೀಳಿಸಿದ. ಅದು ಯಾಕೆ ಖಾಲಿ ಅಂತ ಅವನಿಗೆ ಗೊತ್ತಿರ್ಲಿಲ್ಲ."

ಆ ಸಿಡಿದ ತೋಟಾವನ್ನೂ ಭೂತಗನ್ನಡಿಯನ್ನೂ ಗಲ್ಲಾದ ಮೇಲಿಟ್ಟ. "ಹಾರ್ಲನ್‌ದರ ಸುತ್ತಿಗೆ ಸವೆದು ಎಡಕ್ಕೆ ಹೊಡೆಯುತ್ತೆ, ನಾನೇ ಎರಡು ಸಲ ರಿಪೇರಿ ಮಾಡಿದ್ದೆ. ಈ ತೋಟಾದ ಬುಡದಲ್ಲಿ ಸುತ್ತಿಗೆ ಬಡಿದ ಕುಳಿ ನಟ್ಟನಡುವೆ ಇದೆ. ನಿನ್ನದಕ್ಕೂ ಇದೇ ಅಳತೆ ತೋಟಾ, ಅಲ್ವೇನೋ ಕ್ಲೇ? ಸೊಂಟದಲ್ಲಿರೋದನ್ನ ಕೊಡು, ಒಂದು ಹಾರಿಸಿ ನೋಡೋಣ."

ಕ್ಲೇ ಬಾಗಿಲತ್ತ ನೋಡಿದ. ಅಲ್ಲಿ ಡೆಲ್ಮರ್ ಇದ್ದ.

"ಅಪ್ಪ ಹುಲ್ಲುಗಾವಲು ಮಾರೋಕೆ ಬಿಡ್ಲಿಲ್ಲ," ಎಂದ ಕ್ಲೇ, ಯಾರಿಗೋ ದೂರು ಕೊಡುವವನಂತೆ. "ರಿವಾಲ್ವರ್ ತುಂಬೋದು ಕಲಿಸೋಕೆ ಬಂದಾಗೆಲ್ಲ ಎದ್ದು ಹೋಗ್ತಿದ್ದೆ. ಕೂತು ಕೇಳಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ."

ಡೆಲ್ಮರ್ ಅವನ ಸೊಂಟದಿಂದ ರಿವಾಲ್ವರ್ ಕಿತ್ತುಕೊಂಡ.

ಐಡಾ ಅದನ್ನೇ ನೋಡುತ್ತಿದ್ದಳು. "ಅವನಿಗದನ್ನ ಕೊಡಿಸಿದ್ದು ನಾನೇ. ಇದೇ ಗಲ್ಲಾದಲ್ಲಿ. ಎಂದೂ ಕೈಕೊಡದೇ ಇರೋದನ್ನ ಆರಿಸಿಕೊಡು ಅಂದಿದ್ದೆ ಆರ್ವಲ್, ನೆನಪಿದ್ಯಾ?"

ಆರ್ವಲ್ ಸಣ್ಣ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಅವಳ ಮುಂದಿಟ್ಟ. "ಒಂಟಿ ಮನೆ. ಸುಮ್ನೆ ಇಟ್ಕೋ ಐಡಾ."

"ಬೇಡ."