ಎರಡು ಬಾಗಿಲಿನ ಪಾರ್ಕು

ಆ ಭಾನುವಾರ ಬೆಳಿಗ್ಗೆ ಸೋಮಮ್ಮಜ್ಜಿ ಅಡುಗೆಮನೆಗೆ ಕಟ್ಟಪ್ಪಣೆ ಮಾಡಿದ್ದಳು. ಯಾರೂ ರವೆ ಹುರಿಯಕೂಡದು.

ಅದಕ್ಕೆ ಕಾರಣ ಎದುರು ಮನೆಯ ಯಶೋದಮ್ಮ. ನಾಗಮಂಗಲದ ಪಕ್ಕದ ಆ ಊರಿನಲ್ಲಿ ಮದುವೆ ವಯಸ್ಸಿನ ಹುಡುಗಿ ಇರುವ ಮನೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಉಪ್ಪಿಟ್ಟಿನ ವಾಸನೆ ಬಂತೆಂದರೆ ಗಂಡಿನವರು ಬರುತ್ತಿದ್ದಾರೆ ಎಂದೇ ಲೆಕ್ಕ. ಸಂಜೆ ಯಶೋದಮ್ಮ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಂದು, "ಏನಂದ್ರಂತೆ?" ಅಂತ ಕೇಳಿಯೇ ಹೋಗುತ್ತಿದ್ದಳು. ಮೂರು ಸಲ ಹಾಗಾಗಿತ್ತು. ಮೂರು ಸಲವೂ ಹೇಳಿಕೊಳ್ಳುವಂಥ ಉತ್ತರ ಇರಲಿಲ್ಲ.

ಅಜ್ಜಿಯ ಮೊಮ್ಮಗಳು ರಂಜಿತಳಿಗೆ ಇಪ್ಪತ್ತೇಳು. ಊರಿನ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ನೋಡಲು ಬಂದ ಮೂವರೂ ಚೆನ್ನಾಗಿಯೇ ತಿಂದು, ಕೈ ತೊಳೆದು, ಕೊನೆಗೆ ಒಂದೇ ಮಾತು ಹೇಳಿದ್ದರು. ಮದುವೆಯಾದ ಮೇಲೆ ಈ ಡೇರಿ ಗೀರಿ ಎಲ್ಲ ಯಾಕೆ, ಬಿಟ್ಟುಬಿಡಲಿ. ಬಿಡಲ್ಲ ಅಂದಿದ್ದಳು ರಂಜಿತ. ಫೋನ್ ಮಾಡ್ತೀವಿ ಅಂದು ಹೋದವರು ಮಾಡಿರಲಿಲ್ಲ.

ಅದಕ್ಕೇ ಈ ಸಲ ಅಜ್ಜಿಯ ಹೊಸ ಉಪಾಯ. ಶ್ರೀರಂಗಪಟ್ಟಣದ ಹತ್ತಿರ, ಹೊಳೆ ಪಕ್ಕದ ಮರಗಳ ಪಾರ್ಕಿಗೆ ಎರಡೂ ಮನೆಯವರು ಸುಮ್ಮನೆ ಸುತ್ತಾಡಲು ಬಂದ ಹಾಗೆ ಬರುವುದು. ಒಟ್ಟಿಗೆ ಕೂತು ತಿನ್ನುವುದು. ಹೆಣ್ಣು ನೋಡುವ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಬಾರದು. ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ನಾವು ಪಾರ್ಕು ನೋಡಲು ಹೋಗಿದ್ದೆವು ಅಷ್ಟೇ. ಸಂಬಂಧ ತಂದಿದ್ದ ಕುಳ್ಳಯ್ಯ ಗುರುತು ಹೇಳಿದ್ದ: "ಅರಕೆರೆಯೋರು. ತಾಯಿ, ಮಗ ಇಬ್ರೇ. ಬಾಗ್ಲು ದಾಟ್ತಿದ್ದಂಗೆ ದೊಡ್ ಮರ ಐತೆ, ಅದ್ರ ಕೆಳಗೆ ಕುಂತಿರ್ತಾರೆ."

ಪಾರ್ಕಿಗೆ ಎರಡು ಬಾಗಿಲು ಅನ್ನುವುದು ಕುಳ್ಳಯ್ಯನಿಗೆ ಗೊತ್ತಿರಲಿಲ್ಲ.

ಕರು ಹಾಕುವ ಹಸು ಇದೆ ಅಂತ ಅಮ್ಮ ಮನೆಯಲ್ಲೇ ಉಳಿದಳು. ಅಪ್ಪ ರವೀಂದ್ರ ಓಮ್ನಿ ಓಡಿಸಿಕೊಂಡು ಬಂದು, ಹೊಳೆ ಕಡೆ ನೆರಳು ಕಂಡಲ್ಲಿ ನಿಲ್ಲಿಸಿದ. ಫೋನನ್ನು ಚಾರ್ಜಿಗೆ ಹಾಕಿದವನು ಗಾಡಿಯಲ್ಲೇ ಮರೆತ. ಆ ಕಡೆಯ ಬಾಗಿಲು ದಾಟಿದರೆ ದೊಡ್ಡ ಮರ. ಮರದ ಕೆಳಗೆ ಚಾಪೆ. ಚಾಪೆಯ ಮೇಲೆ ಒಬ್ಬ ತಾಯಿ, ಒಬ್ಬ ಮಗ.

"ಅರಕೆರೆಯೋರಾ?" ಅಂದಳು ಅಜ್ಜಿ.

"ಊಂ ಕಣಮ್ಮ. ನಿಮ್ಗೆಂಗೆ ಗೊತ್ತಾಯ್ತು?"

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಈ ಹೆಂಗಸು ಅಂತ ಅಜ್ಜಿಗೆ ಬಲು ಮೆಚ್ಚುಗೆಯಾಯಿತು. "ಗೊತ್ತಾಯ್ತದೆ ಬುಡಿ," ಅಂದು ಕಣ್ಣು ಮಿಟುಕಿಸಿದಳು.

ಆ ತಾಯಿಯ ಹೆಸರು ಪುಟ್ಟತಾಯಮ್ಮ. ಮುದುಕಿಯೊಬ್ಬಳು ಬಿಸಿಲಲ್ಲಿ ಬಂದಿದ್ದಾಳೆ ಅಂತ ಸರಿದು ಜಾಗ ಕೊಟ್ಟಳು. ಬ್ಯಾಗಿನಿಂದ ಅಚ್ಚು ಬೆಲ್ಲ ತೆಗೆದು ಮುರಿದು, ನೀರಿನ ಬಾಟಲಿಯ ಜೊತೆ ಮುಂದಿಟ್ಟಳು. "ನಮ್ ಆಲೆಮನೇದು. ಮೊದ್ಲು ಬಾಯಿ ಸಿಹಿ ಮಾಡ್ಕಳಿ." ಬೆಲ್ಲ ನೀರು ಕೊಡುವವರು ಮರ್ಯಾದಸ್ಥರೇ ಅಂತ ಅಜ್ಜಿ ಅಲ್ಲೇ ತೀರ್ಮಾನಿಸಿಬಿಟ್ಟಳು. ಆಮೇಲೆ ತೌರುಮನೆ ಯಾವುದು, ಯಾರ ಪೈಕಿ ಅಂತ ವಿಚಾರಣೆ ನಡೆಯಿತು. ತೌರು ಕೆ.ಆರ್. ಪೇಟೆ ಕಡೆ. ಅಜ್ಜಿಯ ಅಕ್ಕನನ್ನು ಕೊಟ್ಟ ಊರಿಗೆ ಅದು ಕೂಗಳತೆ ದೂರ. ಅಲ್ಲಿಗೆ ಇಬ್ಬರೂ ಪಾರ್ಕನ್ನು ಮರೆತರು.

ರಂಜಿತ ಚಿತ್ರಾನ್ನದ ಸ್ಟೀಲ್ ಡಬ್ಬಿ ಬಿಚ್ಚುತ್ತಾ ಓರೆಗಣ್ಣಿನಲ್ಲಿ ಹುಡುಗನನ್ನು ನೋಡಿದಳು. ಹೆಸರು ಕಿಶನ್ ಅಂತೆ. ಬಿಸಿಲಿಗೆ ಕಂದಿದ ಮುಖ, ಮಡಚಿದ ತೋಳಿನ ನೀಲಿ ಶರ್ಟು. ಹೆಣ್ಣು ನೋಡಲು ಬಂದಾಗ ಹಾಕುವ ಗರಿಗರಿ ಇಸ್ತ್ರಿ ಇಲ್ಲ, ಸೆಂಟಿನ ಘಾಟಿಲ್ಲ. ಅವಳ ಕಾಲಿನಿಂದ ತಲೆಯವರೆಗೆ ಅಳೆಯುವ ನೋಟವೂ ಇಲ್ಲ. ಅವನು ನೋಡಿದ್ದು ಚಿತ್ರಾನ್ನವನ್ನು.

"ಕಡ್ಲೆಬೀಜ ಜಾಸ್ತಿ ಹಾಕಿದ್ದೀರ," ಅಂದ ಸಂತೋಷದಿಂದ.

ಅವಳಿಗೆ ನಗು ಬಂತು. ಅದನ್ನು ತಡೆಯಲು ಹೋಗಿ ಕೆಮ್ಮು ಬಂತು.

ಸ್ವಲ್ಪ ಹೊತ್ತಿಗೆ ಅಜ್ಜಿ, "ಹೋಗವ್ವ, ಮರ ಗಿಡ ನೋಡ್ಕಂಡ್ ಬಾ," ಅಂದು ಅರ್ಥಗರ್ಭಿತವಾಗಿ ಗಂಟಲು ಸರಿಮಾಡಿಕೊಂಡಳು. ಪುಟ್ಟತಾಯಮ್ಮ ಏನೂ ಅರ್ಥ ಹುಡುಕದೆ, "ಹೊಸ ಜಾಗ ಅವ್ರಿಗೆ, ಹೊಳೆ ದಿಕ್ಕು ತೋರ್ಸ್ಕಂಡ್ ಬಾ ಕಣ್ಲಾ," ಅಂದಳು ಮಗನಿಗೆ.

ದಾರಿಯುದ್ದಕ್ಕೂ ಮರಗಳು. ಪ್ರತಿ ಮರಕ್ಕೂ ಹೆಸರು ಬರೆದ ತಗಡಿನ ಫಲಕ. ಒಣಗಿದ ಎಲೆ ಕಾಲಡಿ ಚರಚರ ಅನ್ನುತ್ತಿತ್ತು. ಅವರಿಬ್ಬರ ಮಧ್ಯೆ ಇನ್ನೊಬ್ಬರು ನಡೆಯುವಷ್ಟು ಜಾಗ ಇತ್ತು.

"ನೀವೇನ್ ಕೆಲ್ಸ ಮಾಡ್ತೀರ?" ಅಂದ.

ಕುಳ್ಳಯ್ಯ ಹೇಳಿಲ್ಲವೇ? ಇರಲಿ, ಮಾತು ಶುರು ಮಾಡಬೇಕಲ್ಲ ಅಂದುಕೊಂಡಳು. "ಹಾಲಿನ ಸಂಘದಲ್ಲಿ ಸೆಕ್ರೆಟರಿ."

ಕಿಶನ್ ಗಕ್ಕನೆ ನಿಂತ. ನಾಲ್ಕನೆಯದೂ ಮುಗಿಯಿತು ಅಂದುಕೊಂಡಳು ರಂಜಿತ.

"ಒಳ್ಳೇದಾಯ್ತು ಸಿಕ್ಕಿದ್ದು! ನಮ್ದೊಂದು ಹಸು ಐತೆ. ಹಾಲೇನೋ ಬಿಂದಿಗೆ ತುಂಬಾ ಕೊಡ್ತದೆ, ಫ್ಯಾಟೇ ಬರಲ್ಲ. ಸಂಘದೋರು ನನ್ನ ನೀರು ಬೆರ್ಸೋ ಕಳ್ಳನ್ನ ನೋಡ್ದಂಗ್ ನೋಡ್ತಾರೆ."

"ಏನು ಹಾಕ್ತೀರ?"

"ಕಾಲುವೆ ಏರಿ ಮೇಲಿನ ಹಸಿ ಹುಲ್ಲು. ಹೊಟ್ಟೆ ಬಿರಿಯೋ ಅಷ್ಟು."

"ಬರೀ ಹಸಿ ಹುಲ್ಲು ಹಾಕಿದ್ರೆ ಎಲ್ಲಿಂದ ಬರ್ಬೇಕು ಫ್ಯಾಟು? ಒಣ ಹುಲ್ಲೂ ಬೆರೆಸಿ ಹಾಕಿ."

ಅವನು ಫೋನ್ ತೆಗೆದು ನಿಜವಾಗಿಯೂ ಬರೆದುಕೊಂಡ. ರಂಜಿತ ಅವನ ಬಗ್ಗಿದ ತಲೆಯನ್ನೇ ನೋಡುತ್ತಾ ನಿಂತಳು. ಅವಳಿಗೆ ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಕೇಳಿದವರಿದ್ದರು. ಅವಳಿಗೆ ಗೊತ್ತಿರುವುದನ್ನು ಕೇಳಿ ಬರೆದುಕೊಂಡ ಗಂಡಸು ಇವನೊಬ್ಬನೇ.

ಬರೆದು ತಲೆಯೆತ್ತಿದವನು ಅವಳ ಜಡೆಯ ಕಡೆ ನೋಡಿದ, ಕಣ್ಣು ಕೆಳಗಿಳಿಸಿದ, ಮತ್ತೆ ನೋಡಿದ.

"ಏನು?"

"ಎಲೆ ಸಿಕ್ಕಾಕಂಡೈತೆ."

"ಎಲ್ಲಿ?"

ಅವನು ಕೈ ಮುಂದೆ ಮಾಡಿ, ಅರ್ಧದಲ್ಲೇ ನಿಲ್ಲಿಸಿ, ತನ್ನದೇ ಕಿವಿಯ ಹಿಂದೆ ಮುಟ್ಟಿ ಜಾಗ ತೋರಿಸಿದ. ಕಿವಿ ಕೆಂಪಗಾಗಿತ್ತು. ರಂಜಿತ ಬೇಕೆಂದೇ ಆ ಪಕ್ಕ ಬಿಟ್ಟು ಈ ಪಕ್ಕ ತಡವಿದಳು. ಅವನು ಮತ್ತೆ ತೋರಿಸಲಿ ಅಂತ.

ಹೊಳೆ ಕಾಣುವ ಕಲ್ಲುಬೆಂಚಿನ ಹತ್ತಿರ ಬಂದಾಗ ಅವಳು ಧೈರ್ಯ ಮಾಡಿದಳು. ಹೇಳುವುದನ್ನು ಹೇಳಿಯೇ ಬಿಡಬೇಕು. ಇವನು ಬೇರೆಯವರ ಹಾಗೆಯೇ ಆದರೆ ಮನಸ್ಸು ಇನ್ನೂ ಮುಂದಕ್ಕೆ ಹೋಗುವ ಮೊದಲೇ ಗೊತ್ತಾಗಲಿ.

"ನೋಡಿ, ನಾನು ಏನೇ ಆದ್ರೂ ಡೇರಿ ಕೆಲ್ಸ ಬಿಡಲ್ಲ."

ಕಿಶನ್ ಅರ್ಥವಾಗದೆ ಅವಳ ಮುಖ ನೋಡಿದ. "ಯಾಕ್ ಬಿಡ್ಬೇಕು?"

ಆ ಎರಡು ಪದಗಳಿಗೆ ಅವಳ ಕಣ್ಣಲ್ಲಿ ನೀರು ಬಂತು. ಹೊಳೆಯ ಕಡೆ ತಿರುಗಿ ನಿಂತು, ಗಾಳಿಗೆ ಧೂಳು ಅಂತ ಸೆರಗಿನ ತುದಿಯಿಂದ ಒರೆಸಿಕೊಂಡಳು. ಇವನೇ ಆಗಲಿ ಅಂತ ಮನಸ್ಸು ಹೇಳಿಬಿಟ್ಟಿತು.

ವಾಪಸ್ ಬರುವಾಗ ಅವರ ಮಧ್ಯದ ಜಾಗ ಸ್ವಲ್ಪ ಕಡಿಮೆಯಾಗಿತ್ತು. ಮರದ ಕೆಳಗೆ ನೋಡಿದರೆ ಕುಳ್ಳಯ್ಯ ಏದುಸಿರು ಬಿಡುತ್ತಾ ನಿಂತಿದ್ದಾನೆ.

"ಏನ್ ಕೆಲ್ಸ ಮಾಡ್ಬುಟ್ರಿ ರವೀಂದ್ರಣ್ಣ! ಗಂಡಿನೋರು ಒಂದ್ ಗಂಟೆಯಿಂದ ರೋಡ್ ಕಡೆ ಬಾಗ್ಲಲ್ಲಿ ಕಾಯ್ತಾವ್ರೆ. ಫೋನ್ ಎತ್ತಲ್ಲ, ಏನಿಲ್ಲ. ಇಲ್ಲಿ ಯಾರಿಗ್ ಹೆಣ್ ತೋರಿಸ್ತಾ ಕುಂತಿದ್ದೀರಿ?"

ಅಜ್ಜಿಯ ಕೈಯಲ್ಲಿದ್ದ ಬೆಲ್ಲ ಬಾಯಿಗೆ ಹೋಗದೆ ನಿಂತಿತು. ಪುಟ್ಟತಾಯಮ್ಮ ಒಬ್ಬೊಬ್ಬರ ಮುಖ ನೋಡಿದಳು. "ಹೆಣ್ ತೋರ್ಸಾದಾ? ನಾವು ಕರಿಘಟ್ಟದ ದೇವ್ರಿಗೆ ಹೋಗಿದ್ದೋರು, ನೆಳ್ಳು ಐತೆ ಅಂತ ಇಲ್ಲಿ ಕುಂತ್ಕಂಡ್ವು ಕಣಪ್ಪ."

ರಂಜಿತಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನೋಡಲು ಬಂದವನೇ ಅಲ್ಲ! ಹಾಗಾದರೆ ಬೇಕೆಂದೇ ಜಡೆ ತಡವಿದ್ದು, ಡೇರಿ ಬಿಡಲ್ಲ ಅಂತ ಷರತ್ತು ಹಾಕಿದ್ದು, ಕಣ್ಣೀರು ಹಾಕಿದ್ದು, ಎಲ್ಲ ಯಾರೋ ದಾರಿಹೋಕನ ಮುಂದೆ. ಏನೂ ಗೊತ್ತಿಲ್ಲದವನು ಹೇಳಿದ ಮಾತಿಗೆ ಬೆಲೆ ಎಷ್ಟು? ಅವನ ಕಡೆ ತಿರುಗದೆ ರೋಡಿನ ಕಡೆಯ ಬಾಗಿಲಿಗೆ ನಡೆದುಬಿಟ್ಟಳು. ಡಬ್ಬಿ ಅಲ್ಲೇ ಉಳಿಯಿತು.

ರೋಡಿನ ಕಡೆಯ ಮರದ ಕೆಳಗೆ ಇದ್ದವರು ಕೆಟ್ಟವರೇನಲ್ಲ. ಗಂಡಿನ ಹೆಸರು ಶಿವು, ಇಸ್ತ್ರಿ ಚೆನ್ನಾಗಿತ್ತು. ಅವನ ತಾಯಿ ಸುಮ್ಮನೆ ಹೂವು ನೋಡುವ ನೆಪ ಮಾಡಿ ರಂಜಿತಳನ್ನು ಆ ತುದಿಯಿಂದ ಈ ತುದಿಗೆ ನಡೆಸಿದಳು. ಅವರಿಗೆ ಕೊಡಲು ಚಿತ್ರಾನ್ನವೂ ಇರಲಿಲ್ಲ.

"ನಮ್ಮನೇಲಿ ಹೆಣ್ಮಕ್ಕಳು ಹಾಲು ಸಗಣಿ ಅಂತ ಹೊರಗೆ ಹೋಗಲ್ಲ ಕಣವ್ವ. ಆರಾಮಾಗಿ ಮನೇಲಿದ್ರಾಯ್ತು," ಅಂದಳು ಆ ತಾಯಿ.

"ನಾನು ಬಿಡಲ್ಲ ಅಮ್ಮ," ಅಂದಳು ರಂಜಿತ. ಈ ಸಲ ದನಿ ನಡುಗಲಿಲ್ಲ. ಯಾಕೆ ಬಿಡಬೇಕು ಅಂತ ಒಬ್ಬರು ಕೇಳಿದ್ದನ್ನು ಕಿವಿಯಾರೆ ಕೇಳಿ ಬಂದಿದ್ದಳಲ್ಲ.

ಫೋನ್ ಮಾಡ್ತೀವಿ ಅಂದು ಅವರು ಎದ್ದರು.

ಅಪ್ಪ ಕಲ್ಲಿನ ಮೇಲೆ ಕೂತು ನೆಲ ನೋಡಿದ. ಕುಳ್ಳಯ್ಯ ಆಕಾಶ ನೋಡಿದ. ಅಜ್ಜಿ ಮೊಮ್ಮಗಳ ಬೆನ್ನು ಸವರುತ್ತಾ, "ನಂದೇ ತಪ್ಪು ಕಣವ್ವ. ಕದ್ದು ಮುಚ್ಚಿ ಮಾಡಕ್ಕೋಗಿ ಇಂಗಾಯ್ತು," ಅಂದಳು.

ಆಗ ಮರಗಳ ನಡುವಿನಿಂದ ನೀಲಿ ಶರ್ಟು ಬಂತು. ಕೈಯಲ್ಲಿ ಸ್ಟೀಲ್ ಡಬ್ಬಿ. ಹಿಂದೆ ದೂರದಲ್ಲಿ ಪುಟ್ಟತಾಯಮ್ಮ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬರುತ್ತಿದ್ದಳು.

ಕಿಶನ್ ಎಲ್ಲರ ಮುಂದೆಯೇ ನಿಂತ. "ಡಬ್ಬಿ ಬಿಟ್ಟು ಬಂದ್ರಿ."

ರಂಜಿತ ಈಸಿಕೊಂಡಳು. ಖಾಲಿ ಇರಲಿಲ್ಲ. ಮುಚ್ಚಳ ತೆಗೆದರೆ ನಾಲ್ಕು ಅಚ್ಚು ಬೆಲ್ಲ.

"ಖಾಲಿ ಡಬ್ಬಿ ವಾಪಸ್ ಕೊಡ್ಬಾರ್ದು ಅಂತ ಅವ್ವ..." ಅಂದವನು ತಡವರಿಸಿದ. "ರಂಜಿತಾ ಅವ್ರೇ, ನಾನು ನಿಮ್ಮನ್ನ ನೋಡಕ್ಕೆ ಅಂತ ಬಂದೋನಲ್ಲ. ಆದ್ರೆ ನೋಡ್ದೆ. ಎಲೆ ತೋರ್ಸೋವಾಗ್ಲೇ ನೋಡ್ದೆ."

ಅವಳು ಬೆಲ್ಲದಿಂದ ಕಣ್ಣೆತ್ತಲಿಲ್ಲ. "ನೀವು ಹೇಳಿದ್ದು ಗೊತ್ತಿಲ್ದೆ ಹೇಳಿದ್ದು. ಅದನ್ನ ಮನಸ್ಸಲ್ಲಿ ಇಟ್ಕೋಬೇಡಿ."

"ಆಗ ಗೊತ್ತಿರ್ಲಿಲ್ಲ, ನಿಜ. ಈಗ ಗೊತ್ತಾಗೈತೆ. ಈಗ್ಲೂ ಅದನ್ನೇ ಕೇಳ್ತೀನಿ." ಅವನು ಒಮ್ಮೆ ಅವಳ ಅಪ್ಪನ ಕಡೆ ನೋಡಿ, ಮತ್ತೆ ಅವಳ ಕಡೆ ತಿರುಗಿದ. "ಡೇರಿ ಯಾಕ್ ಬಿಡ್ಬೇಕು? ನಮ್ಮೂರಲ್ಲೂ ಸಂಘ ಐತೆ. ಅಲ್ಲಿ ಆಗ್ದಿದ್ರೆ ಇಬ್ರೂ ಕೂತು ಇನ್ನೊಂದು ದಾರಿ ನೋಡನ."

ರಂಜಿತ ಮುಚ್ಚಳ ಕೆಳಗಿಟ್ಟಳು. ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡಳು. ಅವನು ಅದನ್ನೇ ನೋಡುತ್ತಿದ್ದ. ಅವನ ಕಿವಿ ಮತ್ತೆ ಕೆಂಪಗಾಯಿತು.

"ನಮ್ಮೋರೇ ಕಣಮ್ಮ ಇವ್ರು, ನಂಗೊತ್ತು," ಅಂದ ಕುಳ್ಳಯ್ಯ ಗಡಿಬಿಡಿಯಿಂದ. "ಈ ಸಂಬಂಧನೂ ನಾನೇ ತೋರ್ಸಿದ್ದು ಅಂತ ಅಂದ್ಬುಡಿ." ಅಪ್ಪ ಆ ದಿನ ಮೊದಲ ಸಲ ನಕ್ಕ.

ಅಷ್ಟರಲ್ಲಿ ಪುಟ್ಟತಾಯಮ್ಮ ಬಂದು ಅಜ್ಜಿಯ ಪಕ್ಕ ಕೂತಳು. "ಮುಂದಿನ್ ಭಾನುವಾರ ಇಲ್ಲಿಗೇ ಬರನೇನಮ್ಮ?"

ಉತ್ತರ ಕೊಟ್ಟಿದ್ದು ರಂಜಿತ. "ಬೇಡ ಅಮ್ಮ. ಹೆಣ್ಣು ನೋಡೋಕೆ ಅಂತ ಹೇಳಿಕೊಂಡೇ ಮನೆಗೆ ಬನ್ನಿ." ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ರವೆ ನಾನೇ ಹುರೀತೀನಿ ಕಣಜ್ಜಿ. ಬೀದಿ ಕಡೆ ಕಿಟಕಿ ತೆಗೆದಿಟ್ಟು."