ಸಿಂಗಳೀಕ ನೋಡಲು ಬಂದ ವರ

ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಬರುವುದು ನನ್ನಿಂದಾಗದ ಕೆಲಸ. ಬನವಾಸಿಯ ಆನಂದ ಹೆಣ್ಣು ನೋಡಲು ಬರುತ್ತಾನೆಂದು ಅಪ್ಪ ಹೇಳಿದಾಗ, ನಾನೇ ಅವನಿಗೆ ಫೋನ್ ಮಾಡಿದೆ.

"ನಿಲ್ಕುಂದದ ಕಾಡಿಗೆ ಬರ್ರಿ. ಸಿಂಗಳೀಕ ನೋಡೂಣು. ಸಂಜಿಗೆ ಹೂಂ ಇಲ್ಲಾ ಉಹೂಂ ಹೇಳ್ತೀನಿ."

ನಾನು ಸಿದ್ದಾಪುರದಲ್ಲಿ ಟೀಚರ್. ಶಾಲೆಗೆ ರಜೆ ಸಿಕ್ಕರೆ ಕಾಡಿನಲ್ಲೇ ಇರುವವಳು. ಮದುವೆಯಾದ ಮೇಲೂ ಅದನ್ನು ಬಿಡುವವಳಲ್ಲ. ಜೊತೆಗೆ ಬಂದು ಬಾಯಿ ಮುಚ್ಚಿಕೊಂಡು ಕೂರುವ ಗಂಡ ಬೇಕಿತ್ತು, ಅಷ್ಟೇ.

ಆನಂದ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೈಕಿನ ಹಿಂದೆ ತನ್ನ ಹೊಲದ ಅನಾನಸ್. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನೋಡದವಳ ಹಾಗೆ ನೋಡಿದೆ.

"ಮಂಗ್ಯಾಗ ತಂದ್ರೇನು?"

"ನಿಮಗ್ರೀ. ಮಂಗ್ಯಾ ನಮ್ಮ ಹೊಲದಾಗ ಕೇಳದನ ತಗೋತಾವ."

ಘಟ್ಟದ ರಸ್ತೆಯಂಚಿನ ಬಂಡೆಯ ಮೇಲೆ ಕೂತೆವು. ಬಹಳ ಹೊತ್ತಿನ ಮೇಲೆ ಎದುರಿನ ಹೆಬ್ಬಲಸಿನ ಕೊಂಬೆ ಅಲುಗಿತು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ. ಮರಿಯನ್ನು ಹೊಟ್ಟೆಗೆ ಅವಚಿಕೊಂಡ ತಾಯಿ ಸಿಂಗಳೀಕ. ನಾನು ಉಸಿರು ಬಿಗಿಹಿಡಿದೆ.

"ಹೋ... ಹೊಯ್ಯಾ!"

ಆನಂದ ಎದ್ದು ನಿಂತು, ಚಪ್ಪಾಳೆ ತಟ್ಟಿ ಕೂಗಿದ್ದ. ಕೊಂಬೆ ಖಾಲಿ.

ನನ್ನ ಪಿತ್ತ ನೆತ್ತಿಗೇರಿತು. "ಏನ್ ಮಾಡಿದ್ರಿ ಇದು?"

ಅವನ ಮುಖ ಕೆಂಪಾಯಿತು. "ತಪ್ಪಾತ್ರೀ. ಸಣ್ಣಾಂವಿದ್ದಾಗಿಂದ ಹೊಲ ಕಾದು ಕಾದು, ಮಂಗ್ಯಾ ಕಂಡ್ರ ಬಾಯಿ ತಾನಾಗೇ ಕೂಗ್ತೈತಿ. ಆದ್ರ ಉಹೂಂ ಅನ್ನಬ್ಯಾಡ್ರಿ ವಾಣಿಶ್ರೀ. ಫೋನಿನ್ಯಾಗ ನಿಮ್ಮ ದನಿ ಕೇಳಿದಾಗ್ಲೇ ನನ್ನ ಮನಸ್ಸು ಹೂಂ ಅಂದೈತಿ. ಸುಮ್ನಿರೂದು ಕಲೀತೀನಿ."

"ಹಂಗಾರ ಕೂಡ್ರಿ."

ಕೂತ. ಕೆಂಪಿರುವೆ ಕತ್ತಿಗೆ ಕಚ್ಚಿತು, ಹಲ್ಲು ಬಿಗಿಹಿಡಿದು ಸುಮ್ಮನಿದ್ದ. ನಾನೇ ಕೈ ಚಾಚಿ ತೆಗೆದೆ. ತೆಗೆದ ಕೈ ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು, ಸುಳ್ಳು ಯಾಕೆ ಹೇಳಲಿ.

ಬಿಸಿಲು ಇಳಿಯುವಾಗ ತಾಯಿ ಮರಿಯೊಂದಿಗೆ ಮರಳಿ ಬಂತು. ಆನಂದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಣ್ಣು ಮಾತ್ರ ಅರಳಿತ್ತು. ಆ ಕಣ್ಣಿಗೆ ನಾನು ಸೋತೆ.

ಬೈಕಿಗೆ ಕೀ ಹಾಕುತ್ತ ಮೆಲ್ಲಗೆ ಕೇಳಿದ, "ಸಂಜಿ ಆತು. ಏನಂತೀರಿ?"

"ನಾಳೆ ಹಿರಿಯಾರನ್ನ ಕರ್ಕೊಂಡು ನಮ್ಮ ಮನಿಗೆ ಬರ್ರಿ. ಬಾಗಲ ಮುಂದ ನಿಂತು, ಮಂಗ್ಯಾ ಕಂಡಾಗ ಕೂಗಿದಂಗ ಗಟ್ಟಿಯಾಗಿ ಕೂಗ್ರಿ," ಎಂದೆ. "ನಾ ಓಡಿ ಹೋಗಂಗಿಲ್ಲ. ಹೊರಗ ಬರ್ತೀನಿ."